ಓದುಗರ ಪ್ರಶ್ನೆ: ದಿಕ್ಸೂಚಿಯಿಲ್ಲದ ಕಡಲ ದಾರಿ

ಹವಾಯಿ ದ್ವೀಪಗಳಿಗೆ ಮೊದಲು ಕಾಲಿಟ್ಟವರು ಯಾವ ಉಪಕರಣವೂ ಇಲ್ಲದೆ ಜೋಡಿ ದೋಣಿಗಳಲ್ಲಿ ಬಂದ, ಪೆಸಿಫಿಕ್ ಸಾಗರದ ದ್ವೀಪಸಮೂಹವಾದ ಪಾಲಿನೇಷ್ಯಾದ ಜನ ಎಂದು ಹಿಂದಿನ ಸಂಚಿಕೆಯ ಉತ್ತರವೊಂದರಲ್ಲಿ ಒಂದು ಸಾಲು ಬರೆದಿದ್ದೆ. ಆ ಒಂದು ಸಾಲನ್ನೇ ಹಿಡಿದು ಹಲವರು ಪ್ರಶ್ನೆ ಕಳುಹಿಸಿದ್ದಾರೆ. ಆದ್ದರಿಂದ ಈ ಸಲದ ಅಂಕಣವೆಲ್ಲ ಅದಕ್ಕೇ ಮೀಸಲು.

ಪ್ರಶ್ನೆ: ನಕ್ಷೆ, ದಿಕ್ಸೂಚಿ, ಗಡಿಯಾರ ಯಾವುದೂ ಇಲ್ಲದೆ ನಡುಗಡಲಲ್ಲಿ ದಿಕ್ಕು ತಿಳಿಯುವುದು ಹೇಗೆ? ಧ್ರುವ ನಕ್ಷತ್ರವೊಂದನ್ನೇ ನೋಡಿಕೊಂಡು ಸಾಗುತ್ತಿದ್ದರೆ? — ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮೊದಲು ಆ ಕಡಲಿನ ಅಳತೆಯನ್ನು ಮನಸ್ಸಿಗೆ ತಂದುಕೊಳ್ಳಿ. ಉತ್ತರದಲ್ಲಿ ಹವಾಯಿ, ಆಗ್ನೇಯದಲ್ಲಿ ರಾಪಾ ನೂಯಿ (ಈಸ್ಟರ್ ದ್ವೀಪ), ನೈಋತ್ಯದಲ್ಲಿ ನ್ಯೂಜಿಲೆಂಡ್, ಈ ಮೂರನ್ನು ಗೆರೆಗಳಿಂದ ಸೇರಿಸಿದರೆ ಒಂದೊಂದು ಬದಿಯೂ ಸುಮಾರು 7,000 ಕಿ.ಮೀ. ಇರುವ ತ್ರಿಕೋನವಾಗುತ್ತದೆ. ಅದರೊಳಗೆ ನೆಲವೆನ್ನುವುದು ಸಾಸಿವೆ ಎರಚಿದಷ್ಟು, ಉಳಿದದ್ದೆಲ್ಲ ನೀರು. ಟೋಂಗಾ, ಸಮೋವಾಗಳಲ್ಲಿ ಸುಮಾರು 2,800 ವರ್ಷಗಳ ಹಿಂದೆಯೇ ನೆಲೆಸಿದ್ದ ಈ ಜನ ಬಹಳ ಕಾಲ ಅಲ್ಲೇ ನಿಂತಿದ್ದು, ಆಮೇಲೆ ಸರಿಸುಮಾರು ಕ್ರಿ.ಶ. 1000ದಿಂದ 1300ರ ನಡುವೆ ತಹಿತಿಯ ಸುತ್ತಲಿನ ದ್ವೀಪಗಳಿಂದ ಹಿಡಿದು ತ್ರಿಕೋನದ ಮೂರೂ ಮೂಲೆಗಳವರೆಗೆ ಹರಡಿದರು. ಧ್ರುವ ನಕ್ಷತ್ರ ಇದಕ್ಕೆ ಸಾಲುತ್ತಿರಲಿಲ್ಲ. ಸಮಭಾಜಕ ವೃತ್ತವನ್ನು ದಾಟಿ ದಕ್ಷಿಣಕ್ಕೆ ಹೋದೊಡನೆ ಧ್ರುವ ದಿಗಂತದ ಕೆಳಗೆ ಮುಳುಗುತ್ತದೆ, ಪಾಲಿನೇಷ್ಯಾದ ಹೆಚ್ಚಿನ ಭಾಗ ಇರುವುದು ಅಲ್ಲಿಯೇ.

ಅವರು ನಂಬಿದ್ದು ನಕ್ಷತ್ರಗಳು ಹುಟ್ಟುವ ಮತ್ತು ಮುಳುಗುವ ಜಾಗಗಳನ್ನು. ನಕ್ಷತ್ರವೊಂದು ಪ್ರತಿ ರಾತ್ರಿ ಹಿಂದಿನ ದಿನಕ್ಕಿಂತ ನಾಲ್ಕು ನಿಮಿಷ ಮೊದಲೇ ಹುಟ್ಟುತ್ತದೆ, ಆದರೆ ದಿಗಂತದ ಮೇಲೆ ಅದು ಹುಟ್ಟುವ ಬಿಂದು ಮಾತ್ರ ಒಬ್ಬ ಮನುಷ್ಯನ ಆಯುಷ್ಯದಲ್ಲಿ ಕಣ್ಣಿಗೆ ಕಾಣುವಷ್ಟು ಬದಲಾಗುವುದಿಲ್ಲ. ಪೂರ್ವದಲ್ಲಿ ಎಷ್ಟು ಉತ್ತರಕ್ಕೆ ಸರಿದು ಹುಟ್ಟುತ್ತದೆಯೋ ಪಶ್ಚಿಮದಲ್ಲಿಯೂ ಅಷ್ಟೇ ಉತ್ತರಕ್ಕೆ ಸರಿದು ಮುಳುಗುತ್ತದೆ. ಹಾಗಾಗಿ ನಕ್ಷತ್ರದ ಗುರುತು ಸಿಕ್ಕಿದರೆ ದಿಕ್ಕು ಸಿಕ್ಕಿದಂತೆಯೇ. ತೊಡಕೊಂದೇ: ದಿಗಂತಕ್ಕೆ ಹತ್ತಿರವಿರುವಾಗ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ, ಮೇಲೇರಿದ ಮೇಲೆ ಅದರಿಂದ ದಿಕ್ಕು ತೆಗೆಯುವುದು ಕಷ್ಟ. ಆಗ ಅದೇ ಜಾಗದಲ್ಲಿ ಹುಟ್ಟುವ ಮುಂದಿನ ನಕ್ಷತ್ರವನ್ನು ಹಿಡಿಯಬೇಕು, ಅದೂ ಏರಿದರೆ ಅದರ ಮುಂದಿನದನ್ನು. ಹೀಗೆ ಒಂದೇ ದಿಕ್ಕಿಗೆ ಒಂದರ ಹಿಂದೆ ಒಂದರಂತೆ ಬರುವ ನಕ್ಷತ್ರಗಳ ಸಾಲೇ ಆ ದ್ವೀಪಕ್ಕೆ ಹೋಗುವ ದಾರಿ. ಒಂದು ರಾತ್ರಿಗೆ ಹತ್ತರ ಸುಮಾರು ನಕ್ಷತ್ರಗಳು ಬೇಕಾಗುತ್ತವೆ. ಎದುರಿಗೆ ಮೋಡವಿದ್ದರೆ ಬೆನ್ನ ಹಿಂದೆ ಮುಳುಗುತ್ತಿರುವುದನ್ನು ನೋಡಬಹುದು, ಅದೂ ಇಲ್ಲವಾದರೆ ಪಕ್ಕದಲ್ಲಿ ಹುಟ್ಟುವುದನ್ನು ದೋಣಿಯ ಇಂಥ ಮರದ ನೇರಕ್ಕೆ ಇರಿಸಿಕೊಂಡು ಸಾಗಬಹುದು.

ಈ ಪಾಠ ನಡೆಯುತ್ತಿದ್ದ ರೀತಿಯನ್ನು ಹೇಳದಿದ್ದರೆ ಉತ್ತರ ಪೂರ್ಣವಾಗದು. ಹವಾಯಿ, ತಹಿತಿಗಳಲ್ಲಿ ಈ ವಿದ್ಯೆ ವಸಾಹತು ಕಾಲದಲ್ಲಿ ಕಡಿದುಹೋಗಿತ್ತು. ಆದರೆ ಪಶ್ಚಿಮಕ್ಕೆ, ಮೈಕ್ರೋನೇಷ್ಯಾ ಎಂಬ ಇನ್ನೊಂದು ದ್ವೀಪಸಮೂಹದ ಸತವಾಲ್ ಎಂಬ, ಒಂದೂವರೆ ಚದರ ಕಿ.ಮೀ. ಕೂಡ ಇಲ್ಲದ ದ್ವೀಪದಲ್ಲಿ ಅದು ಉಳಿದುಕೊಂಡಿತ್ತು. ಅಲ್ಲಿ 1932ರಲ್ಲಿ ಹುಟ್ಟಿದ ಕಡಲ ಮಾರ್ಗದರ್ಶಿ ಮೌ ಪಿಯಾಲುಗ್ ಅವರಿಗೆ ಗುರು ಸ್ವತಃ ಅಜ್ಜ. ಅಲ್ಲಿನ ಪದ್ಧತಿಯಂತೆ ಚಾಪೆಯ ಮೇಲೆ ಹವಳದ ಕಲ್ಲುಗಳನ್ನು ವೃತ್ತಾಕಾರವಾಗಿ ಇಡುತ್ತಾರೆ. ಒಂದೊಂದು ಕಲ್ಲು ಒಂದು ನಕ್ಷತ್ರ ಹುಟ್ಟುವ ಅಥವಾ ಮುಳುಗುವ ಬಿಂದು, ಒಟ್ಟು ಮೂವತ್ತೆರಡು. ನಡುವೆ ಪುಟ್ಟದೊಂದು ದೋಣಿ. ಅಲೆಗಳ ದಿಕ್ಕನ್ನು ತೋರಿಸಲು ತೆಂಗಿನ ಗರಿಯ ಕಡ್ಡಿಗಳು. ಇಂಥ ದ್ವೀಪಕ್ಕೆ ಹೊರಟರೆ ಎದುರಿಗೆ ಯಾವ ಕಲ್ಲು, ಬೆನ್ನಿಗೆ ಯಾವುದು, ಎಡಬಲಕ್ಕೆ ಯಾವುವು ಎಂದು ಕೇಳುತ್ತ ಹೋದರೆ ಶಿಷ್ಯ ತಡವರಿಸದೆ ಹೇಳಬೇಕು. ನಮ್ಮ ಹಿರಿಯರು ಮಗ್ಗಿ ಬಾಯಿಪಾಠ ಮಾಡಿಸುತ್ತಿದ್ದ ಹಾಗೆ ಎನ್ನಬಹುದು, ಆದರೆ ಇಲ್ಲಿ ತಪ್ಪಿದರೆ ಹೋಗುವುದು ಅಂಕವಲ್ಲ, ದೋಣಿ.

ಪ್ರಶ್ನೆ: ಮೋಡ ಕವಿದ ರಾತ್ರಿಗಳಲ್ಲಿ, ಹಗಲಿನಲ್ಲಿ ಏನು ಮಾಡುತ್ತಿದ್ದರು? — ಓದುಗರು, ಕುಂದಾಪುರ

ಉತ್ತರ: ಹಗಲಿನಲ್ಲಿ ಸೂರ್ಯನಿದ್ದಾನೆ, ಆದರೆ ಅವನೂ ಹುಟ್ಟುವಾಗ ಮತ್ತು ಮುಳುಗುವಾಗ ಮಾತ್ರ ಸರಿಯಾದ ದಿಕ್ಕು ಹೇಳುತ್ತಾನೆ. ಉಳಿದ ಹೊತ್ತಿಗೆ ಆಧಾರ ನೀರೇ. ಕಡಲತಡಿಯವರಾದ ನಿಮಗೆ ಇದು ಬೇಗ ಅರ್ಥವಾದೀತು. ಈಗ ಬೀಸುತ್ತಿರುವ ಗಾಳಿ ಎಬ್ಬಿಸುವ ಚಿಕ್ಕ ತೆರೆಗಳು ಗಾಳಿ ತಿರುಗಿದರೆ ತಾವೂ ತಿರುಗುತ್ತವೆ. ಅವುಗಳ ಅಡಿಯಲ್ಲಿ, ಸಾವಿರಾರು ಕಿ.ಮೀ. ದೂರದ ಬಿರುಗಾಳಿಗಳಿಂದಲೋ ತಿಂಗಳುಗಟ್ಟಲೆ ಒಂದೇ ಕಡೆಯಿಂದ ಬೀಸುವ ವಾಣಿಜ್ಯ ಮಾರುತಗಳಿಂದಲೋ ಹುಟ್ಟಿದ, ಉದ್ದನೆಯ, ನಿಧಾನವಾದ, ಮುರಿಯದ ಉಬ್ಬಲೆಗಳು ಸಾಗುತ್ತಿರುತ್ತವೆ. ಮೇಲಿನ ಗಾಳಿ ಬದಲಾದರೂ ಅವು ಅನೇಕ ದಿನ ದಿಕ್ಕು ಬದಲಿಸುವುದಿಲ್ಲ. ಬೆಳಗ್ಗೆ ಸೂರ್ಯನು ಹುಟ್ಟುವಾಗ ಈ ಉಬ್ಬಲೆ ಯಾವ ಕಡೆಯಿಂದ ಬರುತ್ತಿದೆ, ದೋಣಿಯ ಮೂತಿಗೆ ಅದು ಯಾವ ಕೋನದಲ್ಲಿ ತಾಗುತ್ತಿದೆ ಎಂಬುದನ್ನು ಗುರುತು ಹಾಕಿಕೊಂಡರೆ ದಿನವಿಡೀ ಅದೇ ಕೋನವನ್ನು ಕಾಯ್ದುಕೊಳ್ಳಬಹುದು. ಸಂಜೆ ಸೂರ್ಯ ಮುಳುಗುವಾಗ ಮತ್ತೆ ತಾಳೆ ನೋಡುವುದು.

ಒಂದೇ ಉಬ್ಬಲೆಯಾದರೆ ಇದು ಸುಲಭ. ಸಾಮಾನ್ಯವಾಗಿ ಎರಡು ಮೂರು ಒಟ್ಟಿಗೇ, ಬೇರೆ ಬೇರೆ ಕಡೆಗಳಿಂದ ಬರುತ್ತಿರುತ್ತವೆ. ಎದುರಿನಿಂದ ಬರುವುದು ದೋಣಿಯ ಮೂತಿಯನ್ನು ಎತ್ತಿ ಇಳಿಸುತ್ತದೆ, ಪಕ್ಕದಿಂದ ಬರುವುದು ಎಡಬಲಕ್ಕೆ ಹೊರಳಿಸುತ್ತದೆ, ಎರಡೂ ಸೇರಿದರೆ ಒಂದು ಬಗೆಯ ತಿರುಚುವ ಓಲಾಟ. ಆ ಓಲಾಟದೊಳಗಿಂದ ಒಂದೊಂದು ಅಲೆಯನ್ನೂ ಬಿಡಿಸಿ ಗುರುತಿಸುವುದು ಕಣ್ಣಿಗಿಂತ ಮೈಗೆ ಸಲ್ಲುವ ಕೆಲಸ. ಬಾಲಕ ಮೌ ಅವರನ್ನು ಅವರ ಅಜ್ಜ ದಡದ ಬಂಡೆಗಳ ನಡುವಿನ ನೀರಿನ ಹೊಂಡಗಳಲ್ಲಿ ಕೂರಿಸಿ ಕಡಲಿನ ಚಲನೆಯನ್ನು ಮೈಗೆ ಕಲಿಸುತ್ತಿದ್ದರಂತೆ. ಮುಂದೆ ಕತ್ತಲೆಯಲ್ಲಿ ಮೌ ದೋಣಿಯ ಹೊಟ್ಟೆಯೊಳಗೆ ಮಲಗಿ, ಹಲಗೆಗೆ ಬಡಿಯುವ ಅಲೆಯ ಲಯವನ್ನು ಬೆನ್ನಿನಿಂದಲೇ ತಿಳಿದು, ದೋಣಿ ದಾರಿ ಬಿಟ್ಟಿತೆಂದು ಮೇಲಿದ್ದವರಿಗೆ ಹೇಳುತ್ತಿದ್ದರು.

ಇದನ್ನು ಕೇಳಿದವರು ಏನೋ ಅತೀಂದ್ರಿಯ ಶಕ್ತಿ ಎಂದುಬಿಡುತ್ತಾರೆ. ನನಗೆ ಆ ಮಾತು ಸರಿ ಎನಿಸುವುದಿಲ್ಲ, ಅದು ಅವರ ಶ್ರಮವನ್ನು ಕಡಿಮೆ ಮಾಡುತ್ತದೆ. ಹೊರಟ ಗಳಿಗೆಯಿಂದ ಎಷ್ಟು ಹೊತ್ತು, ಯಾವ ದಿಕ್ಕಿಗೆ, ಎಷ್ಟು ವೇಗದಲ್ಲಿ ಬಂದಿದ್ದೇವೆ ಎಂಬ ಲೆಕ್ಕವನ್ನು ಒಬ್ಬನೇ ವ್ಯಕ್ತಿ ತಲೆಯಲ್ಲಿ ಇಟ್ಟುಕೊಂಡಿರಬೇಕು. ವೇಗವನ್ನು ದೋಣಿಯ ಪಕ್ಕದಲ್ಲಿ ಹಿಂದಕ್ಕೆ ಸರಿಯುವ ನೊರೆಗುಳ್ಳೆಗಳಿಂದ ಅಂದಾಜು ಮಾಡಬೇಕು. ಈ ಲೆಕ್ಕದ ಎಳೆ ಒಮ್ಮೆ ತಪ್ಪಿದರೆ ನಡುಗಡಲಲ್ಲಿ ಅದನ್ನು ಮತ್ತೆ ಹಿಡಿಯುವುದಕ್ಕೆ ಆಸರೆ ಬಹಳ ಕಡಿಮೆ. ಆದ್ದರಿಂದಲೇ ಮಾರ್ಗದರ್ಶಿಯು ಗಟ್ಟಿಯಾಗಿ ನಿದ್ದೆ ಮಾಡುವುದಿಲ್ಲ, ಹಗಲು ರಾತ್ರಿ ಅಲ್ಲಲ್ಲಿ ತುಸು ಕಣ್ಣು ಮುಚ್ಚುತ್ತಾನೆ ಅಷ್ಟೆ. ದೋಣಿಯಲ್ಲಿ ಅವನು ಯಾರೆಂದು ತಿಳಿಯಬೇಕಾದರೆ ಕಣ್ಣು ಕೆಂಪಾದವನನ್ನು ಹುಡುಕಿದರೆ ಸಾಕು.

ಪ್ರಶ್ನೆ: ಹವಾಯಿಯಿಂದ ತಹಿತಿಗೆ ಸುಮಾರು 4,000 ಕಿ.ಮೀ. ದೂರವಿದೆ. ದಿಕ್ಕಿನಲ್ಲಿ ಒಂದೇ ಒಂದು ಡಿಗ್ರಿ ತಪ್ಪಿದರೂ ಅಷ್ಟು ದೂರದಲ್ಲಿ 70 ಕಿ.ಮೀ. ಆಚೆ ಹೋಗುತ್ತಾರೆ. ಬರಿಗಣ್ಣಿಗೆ ಅಷ್ಟು ನಿಖರತೆ ಸಾಧ್ಯವೇ? — ಗಣಿತದ ಅಧ್ಯಾಪಕಿ, ಮೈಸೂರು

ಉತ್ತರ: ಸಾಧ್ಯವಿಲ್ಲ. ನಿಮ್ಮ ಲೆಕ್ಕ ಸರಿಯಾಗಿದೆ. ಹವಾಯಿಯಲ್ಲಿ ಇಂದು ಕಲಿಸುವ ನಕ್ಷತ್ರ ದಿಕ್ಸೂಚಿಯಲ್ಲಿ ದಿಗಂತವನ್ನು ಮೂವತ್ತೆರಡು ‘ಮನೆ’ಗಳಾಗಿ ಹಂಚಿದ್ದಾರೆ, ಒಂದು ಮನೆಯ ಅಗಲವೇ 11.25 ಡಿಗ್ರಿ. ಇಷ್ಟು ಒರಟಾದ ಅಳತೆಯಿಂದ ಒಂದು ಚುಕ್ಕೆಗೆ ಗುರಿಯಿಟ್ಟು ಹೋಗಲಾಗದು. ಅವರು ಹಾಗೆ ಹೋಗುತ್ತಲೂ ಇರಲಿಲ್ಲ. ಗುರಿಯನ್ನೇ ದೊಡ್ಡದು ಮಾಡಿಕೊಳ್ಳುತ್ತಿದ್ದರು. ಈ ವಿದ್ಯೆಯ ಬುದ್ಧಿಯೆಲ್ಲ ಇರುವುದು ಅಲ್ಲಿ ಎಂದು ನಾನು ತಿಳಿದಿದ್ದೇನೆ.

ಮೊದಲನೆಯ ಉಪಾಯ ಅಕ್ಷಾಂಶದ್ದು. ಯಾವ ನಕ್ಷತ್ರ ಒಂದು ದ್ವೀಪದ ನೆತ್ತಿಯ ಮೇಲೆ ನೇರವಾಗಿ ಹಾಯುತ್ತದೆ, ಯಾವ ಎರಡು ನಕ್ಷತ್ರಗಳು ಅಲ್ಲಿ ಒಟ್ಟಿಗೇ ಹುಟ್ಟುತ್ತವೆ ಎಂಬುದನ್ನು ಕಂಡು, ಉತ್ತರ ದಕ್ಷಿಣವಾಗಿ ತಾವು ಎಲ್ಲಿದ್ದೇವೆ ಎಂದು ತಿಳಿಯಬಹುದು. ಪೂರ್ವ ಪಶ್ಚಿಮವಾಗಿ ಎಲ್ಲಿದ್ದೇವೆ ಎಂಬುದನ್ನು ಮಾತ್ರ ಆಕಾಶ ಹೇಳುವುದಿಲ್ಲ. ಜೊತೆಗೆ ಆ ಕಡಲಿನ ದೊಡ್ಡ ಪ್ರವಾಹಗಳು ದೋಣಿಯನ್ನು ಪಶ್ಚಿಮಕ್ಕೆ ಒಯ್ಯುತ್ತವೆ, ನಡುಗಡಲಲ್ಲಿ ಅದು ಗೊತ್ತೇ ಆಗುವುದಿಲ್ಲ. ಆದ್ದರಿಂದ ತಹಿತಿಯಿಂದ ಹವಾಯಿಗೆ ಮರಳುವವರು ಬೇಕೆಂದೇ ಹವಾಯಿಯ ಪೂರ್ವಕ್ಕೆ, ಅಂದರೆ ಗಾಳಿ ಬರುವ ಕಡೆಗೆ, ಸರಿದುಕೊಂಡೇ ಉತ್ತರಕ್ಕೆ ಏರುತ್ತಾರೆ. ನಕ್ಷತ್ರಗಳು ಸರಿಯಾದ ಎತ್ತರಕ್ಕೆ ಬಂದ ರಾತ್ರಿ ಪಶ್ಚಿಮಕ್ಕೆ ತಿರುಗಿ ಗಾಳಿಯೊಡನೆ ಇಳಿಯುತ್ತಾರೆ. ಸುಮ್ಮನೆ ನೇರಕ್ಕೆ ಬಂದು ದ್ವೀಪ ಸಿಗದಿದ್ದರೆ ಅದು ಎಡಕ್ಕಿದೆಯೋ ಬಲಕ್ಕಿದೆಯೋ ತಿಳಿಯದು. ಹೀಗೆ ಬಂದರೆ ಅದು ಇರುವುದು ಪಶ್ಚಿಮಕ್ಕೇ ಎಂಬುದರಲ್ಲಿ ಅನುಮಾನವಿರುವುದಿಲ್ಲ.

ಎರಡನೆಯದು, ದ್ವೀಪಗಳು ಒಂಟಿಯಾಗಿರುವುದು ಕಡಿಮೆ. ತಹಿತಿಯ ಮುಂದೆ ಟುವಾಮೊಟು ಎಂಬ ಹವಳದ ದ್ವೀಪಗಳ ಸಾಲು ನೂರಾರು ಕಿ.ಮೀ. ಉದ್ದಕ್ಕೆ ಬಲೆಯಂತೆ ಹರಡಿದೆ. ಅವುಗಳಲ್ಲಿ ಯಾವುದಾದರೂ ಒಂದು ಸಿಕ್ಕಿ, ಅದು ಯಾವುದೆಂದು ಗುರುತು ಹತ್ತಿದರೆ ತಹಿತಿ ಸಿಕ್ಕಿದಂತೆಯೇ.

ಮೂರನೆಯದು, ದ್ವೀಪವು ಕಣ್ಣಿಗೆ ಕಾಣುವುದಕ್ಕೆ ಬಹಳ ಮೊದಲೇ ತನ್ನ ಸುಳಿವು ಕೊಡುತ್ತದೆ. ತಗ್ಗಿನ ಹವಳ ದ್ವೀಪದ ತೆಂಗಿನ ತಲೆಗಳು ದೋಣಿಯಿಂದ ಹದಿನೈದು ಕಿ.ಮೀ. ಆಚೆಗೆ ಕಾಣುವುದೇ ಕಷ್ಟ. ಆದರೆ ಉಳಿದ ಮೋಡಗಳೆಲ್ಲ ಗಾಳಿಗೆ ಸರಿಯುತ್ತಿರುವಾಗ ಒಂದು ಮೋಡ ನಿಂತಲ್ಲೇ ನಿಂತಿದ್ದರೆ ಅದರ ಕೆಳಗೆ ನೆಲವಿರಬಹುದು, ಮೋಡದ ಹೊಟ್ಟೆಯಲ್ಲಿ ಹಸಿರು ಛಾಯೆ ಇದ್ದರೆ ಕೆಳಗಿನ ತಿಳಿನೀರಿನ ಆಳವಿಲ್ಲದ ಕೊಳದ ಬೆಳಕು ಅದಕ್ಕೆ ತಾಗಿದೆ ಎಂದರ್ಥ. ಉಬ್ಬಲೆಗಳು ದ್ವೀಪಕ್ಕೆ ಬಡಿದು ಬಾಗಿ, ಹಿಂದಿರುಗಿ, ಒಂದರೊಳಗೊಂದು ಹೆಣೆದುಕೊಳ್ಳುವುದೂ ಒಂದು ಸುಳಿವು. ಎಲ್ಲಕ್ಕಿಂತ ನೆಚ್ಚಿನದು ಹಕ್ಕಿಗಳು. ರಾತ್ರಿ ನೆಲದ ಮೇಲೆಯೇ ತಂಗುವ ಕೆಲವು ಜಾತಿಯ ಕಡಲಹಕ್ಕಿಗಳು ಬೆಳಗ್ಗೆ ಮೀನಿಗೆಂದು ಹೊರಟು ಸಂಜೆ ಮನೆಗೆ ಮರಳುತ್ತವೆ. ಬಿಳಿ ರೀವ (ಟರ್ನ್) ಹಕ್ಕಿಯು ಸುಮಾರು ಇನ್ನೂರು ಕಿ.ಮೀ.ವರೆಗೂ, ಕಂದು ಬಣ್ಣದ ನಾಡ್ಡಿ ಎಂಬ ಹಕ್ಕಿಯು ಅದರ ಮೂರನೆಯ ಒಂದರಷ್ಟು ದೂರವೂ ಬರುತ್ತವೆ ಎಂದು ಹವಾಯಿಯವರು ಲೆಕ್ಕ ಹಿಡಿಯುತ್ತಾರೆ. ದ್ವೀಪದ ಸುತ್ತ ಇಷ್ಟು ದೊಡ್ಡ ವೃತ್ತ ಎಳೆದುಕೊಂಡರೆ ನಿಮ್ಮ 70 ಕಿ.ಮೀ. ತಪ್ಪು ಅದರೊಳಗೇ ಅಡಗಿಹೋಗುತ್ತದೆ.

ಹಕ್ಕಿಯನ್ನು ಓದುವುದೂ ಸುಲಭವಲ್ಲ ಎಂಬುದಕ್ಕೆ ಒಂದು ನಿದರ್ಶನವಿದೆ. 1980ರಲ್ಲಿ ಹವಾಯಿಯ ಯುವಕ ನೈನೋವಾ ಥಾಂಪ್ಸನ್ ಹೊಕುಲೆಅ ಎಂಬ ದೋಣಿಯನ್ನು ಉಪಕರಣಗಳಿಲ್ಲದೆ ತಹಿತಿಗೆ ನಡೆಸುತ್ತಿದ್ದರು. ಗುರು ಮೌ ಜೊತೆಯಲ್ಲೇ ಇದ್ದರೂ ಬಾಯಿ ಬಿಡದೆ ಕುಳಿತಿದ್ದರು. ದ್ವೀಪ ಹತ್ತಿರವಿದೆ ಎಂದು ತಿಳಿದಿದ್ದ ಒಂದು ಬೆಳಗ್ಗೆ ಹಕ್ಕಿಯೊಂದು ದಕ್ಷಿಣಕ್ಕೆ ಹಾರಿಹೋಯಿತು. ಬೆಳಗಿನ ಹೊತ್ತು ಹಕ್ಕಿ ನೆಲದಿಂದ ಕಡಲಿಗೆ ಹೋಗುವುದು ತಾನೆ? ಹಾಗಿದ್ದರೆ ದ್ವೀಪ ಉತ್ತರಕ್ಕೆ ಉಳಿದಿದೆ, ರಾತ್ರಿ ಅದನ್ನು ದಾಟಿ ಬಂದುಬಿಟ್ಟಿದ್ದೇವೆ ಎಂದು ನೈನೋವಾ ದೋಣಿಯನ್ನು ಹಿಂದಕ್ಕೆ ತಿರುಗಿಸಿದರು. ಎಷ್ಟು ಹೋದರೂ ನೆಲವಿಲ್ಲ. ಆಗ ಮೌ ಎದ್ದು ಬಂದು, ದೋಣಿಯನ್ನು ತಿರುಗಿಸಿ ಆ ಹಕ್ಕಿ ಹೋದ ಕಡೆಗೇ ನಡೆಸುವಂತೆ ಹೇಳಿದರು, ಕಾರಣ ಹೇಳಲಿಲ್ಲ. ದ್ವೀಪ ಸಿಕ್ಕಿತು. ಆಮೇಲೆ ತಿಳಿದದ್ದು ಇಷ್ಟು: ಹಕ್ಕಿಯ ಕೊಕ್ಕಿನಲ್ಲಿ ಪುಟ್ಟ ಮೀನೊಂದಿತ್ತು. ಅದು ಮರಿ ಮಾಡುವ ಕಾಲ, ತಾನು ತಿನ್ನುವ ಮೊದಲು ಮರಿಗೆ ಗುಟುಕು ಒಯ್ಯುತ್ತಿತ್ತು. ಹರೆಯದ ಶಿಷ್ಯನ ಕಣ್ಣು ಹಕ್ಕಿಯನ್ನು ಕಂಡಿತ್ತು, ಐವತ್ತರ ಹತ್ತಿರದ ಗುರುವಿನ ಕಣ್ಣು ಮೀನನ್ನು ಕಂಡಿತ್ತು.

ಪ್ರಶ್ನೆ: ಕಡ್ಡಿಗಳಿಂದ ಮಾಡಿದ ಸಮುದ್ರ ನಕ್ಷೆಗಳು ಅವರಲ್ಲಿದ್ದವು ಎಂದು ಓದಿದ್ದೇನೆ. ನಮ್ಮ ಅರಬ್ಬೀ ಸಮುದ್ರದ ನಾವಿಕರೂ ಇಂಥದ್ದನ್ನು ಬಳಸುತ್ತಿದ್ದರೇ? — ಓದುಗರು, ಕಾರವಾರ

ಉತ್ತರ: ಕಡ್ಡಿ ನಕ್ಷೆಗಳು ಪಾಲಿನೇಷ್ಯಾದವಲ್ಲ, ಮೈಕ್ರೋನೇಷ್ಯಾದ ಮಾರ್ಷಲ್ ದ್ವೀಪಗಳವು. ಕಡ್ಡಿಗಳು ಉಬ್ಬಲೆ ಬಾಗುವ ಬಗೆಯನ್ನೂ ಕಟ್ಟಿದ ಕವಡೆಗಳು ದ್ವೀಪಗಳನ್ನೂ ಸೂಚಿಸುತ್ತವೆ. ಅವನ್ನು ದಡದಲ್ಲಿ ಪಾಠಕ್ಕೆ ಬಳಸುತ್ತಿದ್ದರೇ ಹೊರತು ದೋಣಿಯಲ್ಲಿ ಒಯ್ಯುತ್ತಿರಲಿಲ್ಲ.

ಅರಬ್ಬೀ ಸಮುದ್ರದ ಕಥೆ ಬೇರೆ. ಇಲ್ಲಿ ಆರು ತಿಂಗಳಿಗೊಮ್ಮೆ ದಿಕ್ಕು ಬದಲಿಸುವ ಮಾನ್ಸೂನ್ ಗಾಳಿಯಿತ್ತು, ಉತ್ತರದಲ್ಲಿ ಧ್ರುವ ಕಾಣುತ್ತಿತ್ತು. ಗಂಟುಗಳಿರುವ ದಾರವನ್ನು ನಡುವಿಗೆ ಕಟ್ಟಿದ ‘ಕಮಲ್’ ಎಂಬ ಚಿಕ್ಕ ಹಲಗೆ ಇತ್ತು. ದಾರವನ್ನು ಹಲ್ಲಿನಲ್ಲಿ ಕಚ್ಚಿ, ಹಲಗೆಯ ಕೆಳ ಅಂಚನ್ನು ದಿಗಂತಕ್ಕೂ ಮೇಲಂಚನ್ನು ಧ್ರುವಕ್ಕೂ ತಾಗಿಸಿ, ಯಾವ ಗಂಟಿಗೆ ಸರಿಹೊಂದಿತು ಎಂದು ನೋಡಿದರೆ ಯಾವ ಬಂದರಿನ ನೇರದಲ್ಲಿದ್ದೇವೆ ಎಂದು ತಿಳಿಯುತ್ತಿತ್ತು. ಆದರೂ ಅರಬ್ ನಾವಿಕರು ದಿಗಂತವನ್ನು ನಕ್ಷತ್ರಗಳು ಹುಟ್ಟಿ ಮುಳುಗುವ ಬಿಂದುಗಳಿಂದಲೇ ಮೂವತ್ತೆರಡು ಭಾಗ ಮಾಡಿದ್ದರು ಎಂಬುದು ಕುತೂಹಲದ ಸಂಗತಿ.

ಪ್ರಶ್ನೆ: ಇದೆಲ್ಲ ನಂತರದವರು ಕಟ್ಟಿದ ಕಥೆಯಿರಬಹುದಲ್ಲವೇ? ಬಿರುಗಾಳಿಗೆ ಸಿಕ್ಕಿ ತೇಲಿಹೋದವರು ಆಕಸ್ಮಿಕವಾಗಿ ದ್ವೀಪಗಳನ್ನು ಸೇರಿರಬಾರದೇಕೆ? — ಓದುಗರು, ಬೆಂಗಳೂರು

ಉತ್ತರ: ಈ ಅನುಮಾನ ನಿಮ್ಮೊಬ್ಬರದಲ್ಲ. 1956ರಲ್ಲಿ ನ್ಯೂಜಿಲೆಂಡಿನ ಇತಿಹಾಸಕಾರ ಆಂಡ್ರ್ಯೂ ಶಾರ್ಪ್ ಇದನ್ನೇ ವಾದಿಸಿದರು. ಅದಕ್ಕೂ ಮೊದಲು, 1947ರಲ್ಲಿ ನಾರ್ವೆಯ ಥೋರ್ ಹೆಯರ್‌ಡಾಲ್, ಪಾಲಿನೇಷ್ಯಾದವರು ದಕ್ಷಿಣ ಅಮೆರಿಕದಿಂದ ತೇಲಿ ಬಂದವರು ಎಂದು ತೋರಿಸಲು ಪೆರುವಿನಿಂದ ಕೊನ್-ಟಿಕಿ ಎಂಬ ತೆಪ್ಪದಲ್ಲಿ 101 ದಿನ ತೇಲಿ ಟುವಾಮೊಟು ಸೇರಿದ್ದರು. ಸಾಹಸ ದೊಡ್ಡದು, ಸಂದೇಹವಿಲ್ಲ. ಆದರೆ ತೆಪ್ಪ ತೇಲಬಲ್ಲದು ಎಂಬುದಕ್ಕಿಂತ ಹೆಚ್ಚಿನದನ್ನು ಅದು ಸಾಬೀತು ಮಾಡಲಿಲ್ಲ. ಭಾಷೆ, ಮಣ್ಣಿನ ಪಾತ್ರೆ, ವಂಶವಾಹಿ ಎಲ್ಲವೂ ಈ ಜನ ಪಶ್ಚಿಮದಿಂದ, ಏಷ್ಯಾದ ಕಡೆಯಿಂದ ಬಂದವರೆಂದೇ ಹೇಳುತ್ತವೆ.

ಶಾರ್ಪ್ ಅವರ ವಾದಕ್ಕೆ ಹೆಚ್ಚು ಮರ್ಯಾದೆ ಕೊಡಬೇಕು, ಏಕೆಂದರೆ ಅದು ಇತರರನ್ನು ಪರೀಕ್ಷೆಗೆ ಹಚ್ಚಿತು. 1973ರಲ್ಲಿ ಪ್ರಕಟವಾದ ಕಂಪ್ಯೂಟರ್ ಅಧ್ಯಯನವೊಂದು ಗಾಳಿ ಮತ್ತು ಪ್ರವಾಹಗಳ ಅಂಕಿಅಂಶಗಳನ್ನು ಇಟ್ಟುಕೊಂಡು ಸಾವಿರಾರು ಕಾಲ್ಪನಿಕ ದೋಣಿಗಳನ್ನು ತೇಲಿಬಿಟ್ಟು ನೋಡಿತು. ಸುಮ್ಮನೆ ತೇಲಿಕೊಂಡು ಹವಾಯಿ, ನ್ಯೂಜಿಲೆಂಡ್, ಈಸ್ಟರ್ ದ್ವೀಪಗಳನ್ನು ಸೇರುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ ಎಂದು ಕಂಡಿತು. ಅದೇ ವರ್ಷ ಹವಾಯಿಯಲ್ಲಿ ಪಾಲಿನೇಷ್ಯನ್ ವಾಯೇಜಿಂಗ್ ಸೊಸೈಟಿ ಹುಟ್ಟಿತು, 1975ರಲ್ಲಿ ಹೊಕುಲೆಅ ನೀರಿಗಿಳಿಯಿತು. 1976ರ ಮೇ 1ರಂದು ಮೌ ಪಿಯಾಲುಗ್ ಅದನ್ನು ಹವಾಯಿಯ ಮಾವಿ ದ್ವೀಪದಿಂದ ಹೊರಡಿಸಿದರು. ಅವರು ಆ ಕಡಲನ್ನು ಅದಕ್ಕೂ ಮೊದಲು ಕಂಡವರಲ್ಲ. ತಿಂಗಳ ಮೇಲೆ, ಬಿಳಿ ರೀವಗಳ ಸುಳಿವು ಹಿಡಿದು ಟುವಾಮೊಟುವಿನ ಮತೈವಾ ದ್ವೀಪವನ್ನು ಮುಟ್ಟಿ, ಜೂನ್ 4ರಂದು ತಹಿತಿಯ ಪಪೀಟೆಯನ್ನು ಸೇರಿದಾಗ ಬಂದರಿನಲ್ಲಿ ಸಾವಿರಾರು ಜನ ನೆರೆದಿದ್ದರು.

ಇನ್ನೊಂದು ಸಾಮಾನ್ಯ ತಿಳಿವಳಿಕೆಯ ಮಾತು. ಮೀನು ಹಿಡಿಯಲು ಹೋಗಿ ಗಾಳಿಗೆ ಸಿಕ್ಕವನ ದೋಣಿಯಲ್ಲಿ ಹೆಂಗಸರು, ಮಕ್ಕಳು, ಹಂದಿ, ನಾಯಿ, ಕೋಳಿ, ಕೆಸುವಿನ ಗೆಡ್ಡೆ, ಬಾಳೆಯ ಕಂದು, ದೀವಿಹಲಸಿನ ಸಸಿ ಇರುವುದಿಲ್ಲ. ದ್ವೀಪಗಳಿಗೆ ಇವೆಲ್ಲ ಬಂದಿವೆ. ಅಷ್ಟೇ ಅಲ್ಲ, ದಕ್ಷಿಣ ಅಮೆರಿಕದ ಗೆಣಸು ಯೂರೋಪಿನವರು ಬರುವ ಎಷ್ಟೋ ಮೊದಲೇ ಪಾಲಿನೇಷ್ಯಾದಲ್ಲಿ ಬೆಳೆಯುತ್ತಿತ್ತು. 2020ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವು ಕ್ರಿ.ಶ. 1200ರ ಸುಮಾರಿಗೆ ಈ ಎರಡು ಕಡೆಯ ಜನರು ಬೆರೆತ ಕುರುಹನ್ನು ಗುರುತಿಸಿದೆ.

ಗಾಳಿ ಪೂರ್ವದಿಂದ ಬೀಸುವಾಗ ಪೂರ್ವಕ್ಕೇ ಹೋಗುವುದು ಹುಚ್ಚಲ್ಲವೇ ಎಂದು ಕೇಳಬಹುದು. ಅದೇ ಅವರ ಜಾಣತನ. ವರ್ಷದ ಕೆಲವು ವಾರ ಗಾಳಿ ತಿರುಗಿ ಪಶ್ಚಿಮದಿಂದ ಬೀಸುವುದನ್ನು ಕಾದು ಹೊರಟರೆ, ನೆಲ ಸಿಗದಿದ್ದರೂ ವಾಡಿಕೆಯ ಗಾಳಿ ಮರಳಿದೊಡನೆ ಅದೇ ಅವರನ್ನು ಊರಿಗೆ ತಂದುಬಿಡುತ್ತದೆ. ಇನ್ನು ಅವರ ತಿಳಿವಿಗೆ ಸಾಕ್ಷಿ ಬೇಕೆಂದರೆ, 1769ರಲ್ಲಿ ತಹಿತಿಯಲ್ಲಿ ಜೇಮ್ಸ್ ಕುಕ್‌ನ ಹಡಗನ್ನು ಹತ್ತಿದ ತುಪಾಯಿಯ ಇದ್ದಾನೆ. ರಯಾಟಿಯಾ ದ್ವೀಪದ ಈ ಅರ್ಚಕ, ಮಾರ್ಗದರ್ಶಿಯ ಅರಿವಿನಿಂದ ತಯಾರಾದ ನಕ್ಷೆಯಲ್ಲಿ 74 ದ್ವೀಪಗಳಿವೆ. ಹಡಗು ಎಷ್ಟು ತಿರುಗಾಡಿದರೂ ತಹಿತಿ ಯಾವ ಕಡೆಗಿದೆ ಎಂದು ಕೇಳಿದರೆ ಆತ ಕೈ ಮಾಡಿ ತೋರಿಸುತ್ತಿದ್ದ ಎಂದು ಆ ಕಾಲದವರು ಬರೆದಿದ್ದಾರೆ. ಊರಿಗೆ ಮರಳುವ ಭಾಗ್ಯ ಅವನಿಗಿರಲಿಲ್ಲ. 1770ರ ಡಿಸೆಂಬರಿನಲ್ಲಿ ಬಟೇವಿಯಾದಲ್ಲಿ, ಈಗಿನ ಜಕಾರ್ತದಲ್ಲಿ, ಕಾಯಿಲೆಯಿಂದ ತೀರಿಕೊಂಡ.

ಪ್ರಶ್ನೆ: ಅವರು ಬಳಸಿದ ನಕ್ಷತ್ರಗಳನ್ನು ನಮ್ಮ ಮನೆಯ ಮಾಳಿಗೆಯಿಂದ ನೋಡಬಹುದೇ? — ಕಾಲೇಜು ವಿದ್ಯಾರ್ಥಿ, ಬೀದರ್

ಉತ್ತರ: ಧಾರಾಳವಾಗಿ. ನಿಮ್ಮ ಊರು ಅದಕ್ಕೆ ಬಹಳ ಒಳ್ಳೆಯ ಜಾಗ ಕೂಡ. ಹೊಕುಲೆಅ ಎಂದರೆ ನಮ್ಮ ಸ್ವಾತಿ ನಕ್ಷತ್ರ, ಆ ಹೆಸರಿನ ಅರ್ಥ ಸಂತಸದ ತಾರೆ. ಹವಾಯಿಯ ನೆತ್ತಿಯ ಮೇಲೆ ಹಾಯುವ ತಾರೆ ಅದು. ಬೀದರ್ 18 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಸ್ವಾತಿ 19 ಡಿಗ್ರಿಯ ನೇರಕ್ಕಿದೆ. ಆದ್ದರಿಂದ ನಿಮ್ಮ ನೆತ್ತಿಯಿಂದ ಬರೀ ಒಂದು ಡಿಗ್ರಿ ಉತ್ತರಕ್ಕೆ ಅದು ಹಾಯುತ್ತದೆ. ಮೇ ತಿಂಗಳ ಕೊನೆಯ ವಾರ ರಾತ್ರಿ ಹತ್ತರ ಸುಮಾರಿಗೆ ಮಾಳಿಗೆಯ ಮೇಲೆ ಅಂಗಾತ ಮಲಗಿ ನೋಡಿ. ಸಪ್ತರ್ಷಿ ಮಂಡಲದ ಹಿಡಿಯ ಬಾಗನ್ನು ಹಾಗೆಯೇ ಮುಂದುವರಿಸಿದರೆ ಕಿತ್ತಳೆ ಬಣ್ಣದ ಆ ತಾರೆ ಸಿಗುತ್ತದೆ. ಅದೇ ಬಾಗನ್ನು ಇನ್ನೂ ಮುಂದೆ ಎಳೆದರೆ ಚಿತ್ರಾ. ಹವಾಯಿಯಲ್ಲಿ ಇವೆರಡೂ ಒಟ್ಟಿಗೇ ಹುಟ್ಟುತ್ತವೆ, ಹಾಗಾಗಿ ಹೊಕುಲೆಅದ ಜೊತೆಗಾರ ದೋಣಿಗೆ ಚಿತ್ರಾ ನಕ್ಷತ್ರದ ಹೆಸರನ್ನೇ, ಹಿಕಿಯನಲಿಯ ಎಂದು, ಇಟ್ಟಿದ್ದಾರೆ. ಇಲ್ಲಿ ಒಂದು ಎಚ್ಚರ: ಭೂಮಿಯ ಅಕ್ಷ ನಿಧಾನವಾಗಿ ತೂಗುವುದರಿಂದ ಸಾವಿರ ವರ್ಷಗಳ ಹಿಂದೆ ಸ್ವಾತಿಯು ಈಗಿಗಿಂತ ಕೆಲವು ಡಿಗ್ರಿ ಉತ್ತರಕ್ಕೆ ಇತ್ತು. ಮೊದಲ ವಲಸಿಗರಿಗೂ ಅದು ಹವಾಯಿಯ ಸರಿಯಾದ ನೆತ್ತಿಯ ತಾರೆಯಾಗಿತ್ತು ಎಂದು ಹೇಳುವಂತಿಲ್ಲ. ತಹಿತಿಯ ನೆತ್ತಿಯ ಹತ್ತಿರ ಹಾಯುವುದು ಲುಬ್ಧಕ, ಅದನ್ನು ನೀವು ಚಳಿಗಾಲದಲ್ಲಿ ನೋಡಬಹುದು.

ಅದೇ ರಾತ್ರಿ ಎಂಟೂಕಾಲರ ಸುಮಾರಿಗೆ ದಕ್ಷಿಣಕ್ಕೆ ಮುಖ ಮಾಡಿದರೆ ತ್ರಿಶಂಕು (ಸದರ್ನ್ ಕ್ರಾಸ್) ನಕ್ಷತ್ರಪುಂಜ ನೆಟ್ಟಗೆ ನಿಂತಿರುತ್ತದೆ. ಅದರ ಮೇಲಿನ ತಾರೆಯಿಂದ ಕೆಳಗಿನ ತಾರೆಗೆ ಆರು ಡಿಗ್ರಿ. ಹವಾಯಿಯಲ್ಲಿ ಕೆಳಗಿನ ತಾರೆಯಿಂದ ದಿಗಂತಕ್ಕೂ ಸರಿಯಾಗಿ ಅಷ್ಟೇ ಅಂತರವಿರುತ್ತದೆ, ಅದನ್ನು ಕಂಡೊಡನೆ ಅಲ್ಲಿನವರು ಊರಿನ ಅಕ್ಷಾಂಶ ಬಂತೆಂದು ತಿಳಿಯುತ್ತಾರೆ. ನಿಮ್ಮಲ್ಲಿ ಆ ಅಂತರ ಒಂಬತ್ತು ಡಿಗ್ರಿ, ಅಂದರೆ ತ್ರಿಶಂಕುವಿನ ಉದ್ದದ ಒಂದೂವರೆಯಷ್ಟು, ತೋಳು ನೀಡಿ ಮುಷ್ಟಿ ಹಿಡಿದರೆ ಹೆಚ್ಚುಕಡಿಮೆ ಒಂದು ಮುಷ್ಟಿ. ಬೆಂಗಳೂರಿನಲ್ಲಿರುವ ನಿಮ್ಮ ಸ್ನೇಹಿತರು ಯಾರಾದರೂ ಅದೇ ರಾತ್ರಿ ಅಳೆದರೆ ಹದಿನಾಲ್ಕು ಡಿಗ್ರಿ, ಒಂದು ಮುಷ್ಟಿಯ ಮೇಲೆ ಎರಡು ಮೂರು ಬೆರಳು ಸಿಗುತ್ತದೆ. ಮೇ ಕೊನೆಗೆ ಮಳೆಮೋಡ ಅಡ್ಡ ಬರುವ ಅಂಜಿಕೆಯಿದ್ದರೆ ಏಪ್ರಿಲ್ ಕೊನೆಯಲ್ಲೇ ರಾತ್ರಿ ಹತ್ತೂವರೆಯ ಸುಮಾರಿಗೆ ನೋಡಿ. ದಕ್ಷಿಣದ ದಿಗಂತಕ್ಕೆ ಮರ, ಕಟ್ಟಡ, ಬೀದಿದೀಪ ಅಡ್ಡವಿಲ್ಲದ ಮಾಳಿಗೆಯನ್ನು ಹಗಲಿನಲ್ಲೇ ಗೊತ್ತುಮಾಡಿಕೊಳ್ಳಿ.